ಏರುದಾರಿಯ ಗೇರು: ಸೇಂಟ್ ಎಟಿಯೆನ್ನಿನ ಕಾಡುಬೆಟ್ಟ ಸೈಕಲ್ಲಿಗೆ ಕೊಟ್ಟದ್ದು

ಸೈಕಲ್ಲಿನ ಚರಿತ್ರೆಯನ್ನು ಪಂದ್ಯಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಟೂರ್ ದ ಫ್ರಾನ್ಸ್ ಶುರುವಾದದ್ದು ಯಾವಾಗ, ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳನ್ನು ಮೊದಲು ದಾಟಿದವರು ಯಾರು, ಯಾವ ವೀರ ಯಾವ ಕಂಪನಿಯ ಸೈಕಲ್ ಹತ್ತಿ ಗೆದ್ದ ಎಂಬ ಪಟ್ಟಿಯೇ ಅಲ್ಲಿ ಬೆನ್ನೆಲುಬು. ಈ ಲೆಕ್ಕದ ಪ್ರಕಾರ, ಗದ್ದಲವಿಲ್ಲದ ಕಾಡುದಾರಿಗಳಲ್ಲಿ ದಿಬ್ಬ ಹತ್ತಿ ಇಳಿಯುತ್ತ ತನ್ನ ಪಾಡಿಗೆ ತಾನು ಹೋಗುವ ಸವಾರನಿಗೆ ಚರಿತ್ರೆಯಲ್ಲಿ ಸ್ವಂತ ಜಾಗವಿಲ್ಲ. ಪಂದ್ಯದವರು ಕಂಡುಹಿಡಿದದ್ದನ್ನು ತಡವಾಗಿ ಪಡೆದುಕೊಂಡು ಸಂತೋಷಪಡುವ ಹಿಂಬಾಲಕ ಅವನು. ಸಮತಟ್ಟು ರಸ್ತೆಯ ಮಟ್ಟಿಗೆ ಈ ಮಾತು ಒಂದಿಷ್ಟು ಸರಿಯಿರಬಹುದು. ಬೆಟ್ಟದ ಮಟ್ಟಿಗೆ ಮಾತ್ರ ಅದು ಪೂರ್ತಿ ತಲೆಕೆಳಗು. ಏರುದಾರಿಯನ್ನು ಕೂತೇ ಹತ್ತುವುದಕ್ಕೆ ಬೇಕಾದ ಸೈಕಲ್ಲನ್ನು ಹಟ ಹಿಡಿದು ಬೆಳೆಸಿದವರು ಯಾರನ್ನೂ ಸೋಲಿಸುವ ಉದ್ದೇಶವಿಲ್ಲದ ಪ್ರವಾಸಿ ಸವಾರರು. ಆ ಕಾಲದ ಅತಿ ದೊಡ್ಡ ಪಂದ್ಯ ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು. ಇದಕ್ಕೆ ಸಾಕ್ಷಿ ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಕಾರ್ಖಾನೆಗಳ ಊರು ಮತ್ತು ಅದರ ದಕ್ಷಿಣಕ್ಕೆ ಎದ್ದು ನಿಂತಿರುವ ಪಿಲಾ ಬೆಟ್ಟಸಾಲು.

ಲಿಯಾನ್ ನಗರದ ನೈಋತ್ಯಕ್ಕಿರುವ ಸೇಂಟ್ ಎಟಿಯೆನ್ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮೂರು ಕಸುಬುಗಳ ಊರು: ನೆಲದಡಿಯಿಂದ ಕಲ್ಲಿದ್ದಲು, ಮಗ್ಗಗಳಿಂದ ರೇಷ್ಮೆ ರಿಬ್ಬನ್ನು, ಕುಲುಮೆ ಮತ್ತು ಲೇತುಗಳಿಂದ ಬಂದೂಕು. ರಾಜನ ಹೆಸರಿನ ಆಯುಧ ಕಾರ್ಖಾನೆ ಅಲ್ಲಿ ನೆಲೆಗೊಂಡದ್ದು 1764ರಲ್ಲಿ. ಬಂದೂಕಿನ ನಳಿಗೆ ಕೊರೆಯುವ, ಸಣ್ಣ ಉಕ್ಕಿನ ಬಿಡಿಭಾಗಗಳನ್ನು ಕೂದಲೆಳೆಯ ಅಂತರವೂ ಬಿಡದೆ ಕೂಡಿಸುವ ಕೈಗಳಿಗೆ ಸೈಕಲ್ಲಿನ ಕೊಳವೆ, ಅಚ್ಚು, ಹಲ್ಲುಚಕ್ರ ಕಷ್ಟದ ಕೆಲಸವಾಗಿರಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲೂ ಇದೇ ನಡೆಯಿತು. ನಮ್ಮ ಊರುಗಳಲ್ಲಿ ಮನೆಮಾತಾಗಿದ್ದ ಬಿಎಸ್‌ಎ ಸೈಕಲ್ಲಿನ ಲಾಂಛನದಲ್ಲಿ ಮೂರು ಬಂದೂಕುಗಳಿರುವುದು ಅದು ಬಂದೂಕು ತಯಾರಕರ ಕಂಪನಿಯಾಗಿದ್ದ ಕಾರಣಕ್ಕೇ. ಸೇಂಟ್ ಎಟಿಯೆನ್ನಿನ ಗೋತಿಯೆ ಸಹೋದರರು 1886ರಲ್ಲಿ ಸೈಕಲ್ ಮಾಡಿದರು. ಅದೇ ಫ್ರಾನ್ಸಿನ ಮೊದಲ ಸೈಕಲ್ ಎಂಬುದು ಊರಿನವರ ಹೆಮ್ಮೆ. ಹೆಚ್ಚು ದಿನ ಕಳೆಯುವ ಮೊದಲೇ ಬಂದೂಕನ್ನೂ ಸೈಕಲ್ಲನ್ನೂ ಒಂದೇ ಕ್ಯಾಟಲಾಗಿನಲ್ಲಿ ಅಂಚೆಯ ಮೂಲಕ ಮಾರುವ ಮಾನುಫ್ರಾನ್ಸ್ ಅಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಕುಶಲತೆ ಬರ್ಮಿಂಗ್‌ಹ್ಯಾಮಿಗೂ ಇತ್ತು, ಸೇಂಟ್ ಎಟಿಯೆನ್ನಿಗೂ ಇತ್ತು. ಎರಡನೆಯದಕ್ಕೆ ಮಾತ್ರ ಇದ್ದದ್ದು ಊರ ಬಾಗಿಲಲ್ಲೇ ಒಂದು ಘಾಟಿ. ಪ್ರೊವಾನ್ಸಿನ ಕಡೆಗೆ ಹೋಗುವ ನೇರ ಹೆದ್ದಾರಿ ಊರು ಬಿಡುತ್ತಿದ್ದಂತೆ ಏರತೊಡಗಿ, ಪ್ಲಾಂಫ್ವಾ ಹಳ್ಳಿಯನ್ನು ದಾಟಿ, ಫರ್ ಮರಗಳ ದಟ್ಟ ಕಾಡಿನೊಳಗೆ ಸುಮಾರು 13 ಕಿಲೋಮೀಟರ್ ಸಾಗಿ 1,161 ಮೀಟರ್ ಎತ್ತರದ ಗ್ರಾಂ ಬ್ವಾ ಘಾಟಿಯ ನೆತ್ತಿಗೆ ಮುಟ್ಟುತ್ತದೆ. ರಿಪಬ್ಲಿಕ್ ಘಾಟಿ ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ಈ ಬೆಟ್ಟಸಾಲಿನ ಒಂದು ಮಗ್ಗುಲಿನ ನೀರು ಅಟ್ಲಾಂಟಿಕ್ ಸೇರಿದರೆ ಇನ್ನೊಂದು ಮಗ್ಗುಲಿನದು ರೋನ್ ನದಿಯ ಮೂಲಕ ಮೆಡಿಟರೇನಿಯನ್ ಸೇರುತ್ತದೆ.

ಈ ದಾರಿ ಸವಾರನ ಮುಂದೆ ಇಟ್ಟ ತೊಡಕನ್ನು ಲೆಕ್ಕದಲ್ಲೇ ನೋಡಬಹುದು. ಪೆಡಲ್ ಒಂದು ಸುತ್ತು ಬಂದರೆ 5.5 ಮೀಟರ್ ಮುಂದೆ ಹೋಗುವ, ಒಂದೇ ಗೇರಿನ ಸೈಕಲ್ಲನ್ನು ತೆಗೆದುಕೊಳ್ಳೋಣ. ಸಮತಟ್ಟು ರಸ್ತೆಗೆ ಅದು ಹದವಾದ ಅಳತೆ. ಅದೇ ಸೈಕಲ್ಲಿನಲ್ಲಿ ಸರಾಸರಿ ಶೇಕಡಾ 5ರ ಏರನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತುವವನ ಕಾಲು ನಿಮಿಷಕ್ಕೆ 30 ಸುತ್ತು ಮಾತ್ರ ತಿರುಗುತ್ತದೆ. ಒಂದೊಂದು ಸುತ್ತಿಗೂ ಮೈಯ ಭಾರವನ್ನೆಲ್ಲ ಪೆಡಲಿನ ಮೇಲೆ ಹೇರಿ ಎದ್ದು ನಿಂತು ತುಳಿಯಬೇಕು. ಒಂದು ಸುತ್ತಿಗೆ 3 ಮೀಟರ್ ಹೋಗುವ ಗೇರು ಸಿಕ್ಕಿದರೆ ವೇಗ ಅಷ್ಟೇ ಇದ್ದರೂ ಕಾಲು 55 ಸುತ್ತು ತಿರುಗುತ್ತದೆ, ಪ್ರತಿ ತುಳಿತಕ್ಕೆ ಬೇಕಾದ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೆಟ್ಟ ಹತ್ತಲು ಬೇಕಾದ ಒಟ್ಟು ಶ್ರಮದಲ್ಲಿ ಒಂದು ಕಾಸಿನ ರಿಯಾಯಿತಿಯೂ ಇಲ್ಲ. ಆದರೆ ಅದನ್ನು ಇಡಿಗಂಟಾಗಿ ತೆರುವ ಬದಲು ಕಂತಿನಲ್ಲಿ ತೆರಬಹುದು. ಹಾಗೆಂದು ಒಂದೇ ಗೇರಿನ ಸೈಕಲ್ಲಿಗೆ ಈ ಸಣ್ಣ ಗೇರನ್ನೇ ಶಾಶ್ವತವಾಗಿ ಕಟ್ಟಿದರೆ ಇಳಿಜಾರಿನಲ್ಲೂ ಬಯಲಿನಲ್ಲೂ ಕಾಲು ಸುಮ್ಮನೆ ಗಿರಗಿರನೆ ಸುತ್ತುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಒಂದೇ ದಿನದಲ್ಲಿ ಏರು, ಇಳಿವು, ಬಯಲು ಮೂರನ್ನೂ ಕಾಣುವ ಸವಾರನಿಗೆ ಎರಡು ಮೂರು ಗೇರು ಬೇಕೇ ಬೇಕು. ಬಯಲು ಸೀಮೆಯವನಿಗೆ ಈ ಅಗತ್ಯ ಅಷ್ಟಾಗಿ ಕಾಣದು. ಸೇಂಟ್ ಎಟಿಯೆನ್ನಿನವನಿಗೆ ಮನೆಯಿಂದ ಹೊರಬಿದ್ದ ಕೂಡಲೇ ಅದು ಮಂಡಿಯಲ್ಲಿ ಗೊತ್ತಾಗುತ್ತದೆ.

ಈ ಅಗತ್ಯಕ್ಕೆ ದನಿ ಕೊಟ್ಟವನು ಪಾಲ್ ದ ವಿವಿ. ಪ್ರೊವಾನ್ಸಿನ ಪೆರ್ನ್ ಎಂಬ ಊರಿನಲ್ಲಿ 1853ರಲ್ಲಿ ಹುಟ್ಟಿ, ಸೇಂಟ್ ಎಟಿಯೆನ್ನಿನಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದವನು, ನಡುವಯಸ್ಸಿನ ಹೊಸ್ತಿಲಲ್ಲಿ ಸೈಕಲ್ಲಿನ ಹುಚ್ಚು ಹಿಡಿಸಿಕೊಂಡು ಆ ವ್ಯಾಪಾರ ಬಿಟ್ಟ. 1887ರಲ್ಲಿ ಸೈಕಲ್ ಅಂಗಡಿ ತೆರೆದ, ಅದೇ ವರ್ಷ ಪತ್ರಿಕೆಯೊಂದನ್ನೂ ಆರಂಭಿಸಿದ. ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಆ ಪತ್ರಿಕೆಯಲ್ಲಿ ಅವನ ಬರಹದ ಹೆಸರು ವೆಲೋಸಿಯೊ. ಈ ಪತ್ರಿಕೆ ಒಂದು ಬಯಲು ಪ್ರಯೋಗಶಾಲೆಯಾಯಿತು ಎಂಬುದೇ ಇಲ್ಲಿ ಮುಖ್ಯ. ಯಾವ ಏರಿಗೆ ಎಷ್ಟು ಮೀಟರಿನ ಗೇರು ಒಗ್ಗುತ್ತದೆ, ದಿನವಿಡೀ ತುಳಿಯುವವನು ಏನು ತಿನ್ನಬೇಕು, ಟೈರು ಎಷ್ಟು ಅಗಲವಿರಬೇಕು ಎಂದು ಅವನೂ ಓದುಗರೂ ತಮ್ಮ ಸವಾರಿಗಳನ್ನೇ ಪುರಾವೆಯಾಗಿಟ್ಟು ವಾದಿಸಿದರು. ಗೇರು ಬದಲಿಸುವ ಯೋಚನೆ ಅವನೊಬ್ಬನ ತಲೆಯಿಂದ ಹುಟ್ಟಿದ್ದಲ್ಲ. ಇಂಗ್ಲೆಂಡಿನ ವಿಪೆಟ್ ಸೈಕಲ್ಲಿನಲ್ಲೂ ಗ್ರೇಡಿಯಂಟ್ ಎಂಬ ಸಾಧನದಲ್ಲೂ 1890ರ ದಶಕದಲ್ಲೇ ಅದಕ್ಕೆ ಬೇರೆ ಬೇರೆ ರೂಪ ಸಿಕ್ಕಿತ್ತು, ಅವನ್ನೆಲ್ಲ ಅವನು ಕಣ್ಣಿಟ್ಟು ನೋಡಿದ್ದ. ಸೇಂಟ್ ಎಟಿಯೆನ್ ಮಾಡಿದ್ದು ಬೇರೆ ಕೆಲಸ: ಎರಡು ಸರಪಳಿಗಳ ಸೈಕಲ್ಲಿನಿಂದ ಹಿಡಿದು ಒಂದೇ ಸರಪಳಿಯನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಡಿರೇಲರಿನವರೆಗೆ ಸಿಕ್ಕ ಸಾಧನವನ್ನೆಲ್ಲ ಗ್ರಾಂ ಬ್ವಾ ಘಾಟಿಗೆ ಹತ್ತಿಸಿ, ಕೆಟ್ಟದ್ದನ್ನು ಬಿಚ್ಚಿ, ತಿದ್ದಿ, ಮತ್ತೆ ಹತ್ತಿಸಿತು. ಸಾಧನವೊಂದು ಕಾಗದದಿಂದ ರಸ್ತೆಗಿಳಿಯಲು ಇಂಥ ಬೇಸರಿಸದ ಬಳಕೆದಾರರು ಬೇಕು. ಅಂಥವರು ಅಲ್ಲಿ ನೂರಾರು ಮಂದಿ ಇದ್ದರು.

ಇದೇ ಹೊತ್ತಿನಲ್ಲಿ ಪಂದ್ಯದ ಲೋಕ ಎಲ್ಲಿತ್ತು? ಫ್ರಾನ್ಸಿನ ಪ್ರವಾಸಿ ಸಂಘವಾದ ಟೂರಿಂಗ್ ಕ್ಲಬ್ 1902ರಲ್ಲಿ ಬೆಟ್ಟದ ದಾರಿಯಲ್ಲಿ ಗೇರಿನ ಸೈಕಲ್ಲುಗಳ ಪರೀಕ್ಷೆ ನಡೆಸಿದಾಗ, ವೆಲೋಸಿಯೊ ತಯಾರಿಸಿದ ಮೂರು ಗೇರಿನ ಗೊಲ್ವಾಜ್ ಸೈಕಲ್ ತುಳಿದ ಮಾರ್ತ್ ಹೆಸ್ ಎಂಬ ಮಹಿಳೆ ನೆಲಕ್ಕೆ ಕಾಲೂರದೆ ಏರು ಮುಗಿಸಿ, ಒಂದೇ ಗೇರಿನಲ್ಲಿದ್ದ ಹೆಸರಾಂತ ಪಂದ್ಯಗಾರ ಎದ್ವಾರ್ ಫಿಶರನನ್ನು ಹಿಂದೆ ಹಾಕಿದಳು. ಕ್ರೀಡಾ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಪರೀಕ್ಷೆಯನ್ನೇನೋ ಮೆಚ್ಚಿಕೊಂಡ. ಆದರೆ ಬದಲಾಗುವ ಗೇರು ನಲವತ್ತೈದು ದಾಟಿದವರಿಗೆ ಮಾತ್ರ ಸರಿ, ಯಂತ್ರದ ಉಪಾಯಕ್ಕಿಂತ ಸ್ನಾಯುಬಲದಿಂದ ಗೆಲ್ಲುವುದೇ ಮೇಲು, ನಾವು ಮೆತ್ತಗಾಗುತ್ತಿದ್ದೇವೆ ಎಂಬ ಧಾಟಿಯಲ್ಲಿ ತೀರ್ಪು ಬರೆದ. ಮರುವರ್ಷವೇ ಅವನು ಟೂರ್ ದ ಫ್ರಾನ್ಸ್ ಆರಂಭಿಸಿದ. 1903ರ ಆ ಮೊದಲ ಟೂರಿನ ಎರಡನೆಯ ಹಂತ ಲಿಯಾನಿನಿಂದ ಮಾರ್ಸೇಲಿಗೆ, 374 ಕಿಲೋಮೀಟರ್. ಅದು ದಾಟಿದ್ದು ಇದೇ ಗ್ರಾಂ ಬ್ವಾ ಘಾಟಿಯನ್ನು. ವೆಲೋಸಿಯೊನ ಬಳಗ ಕೂತು ಹತ್ತಲು ಕಲಿತಿದ್ದ ಕಾಡಿನಲ್ಲಿ ದೇಶದ ಅತಿ ಬಲಶಾಲಿ ಸವಾರರು ಒಂದೇ ಗೇರಿನಲ್ಲಿ ಒದ್ದಾಡುತ್ತ ಹತ್ತಿದರು. ಮುಂದೆ 1910ರಲ್ಲಿ ಪಂದ್ಯ ಪಿರನೀಸಿನ ತುರ್ಮಲೆಯಂಥ ಘಾಟಿಗಳಿಗೆ ಹೋದಾಗ, ಆ ವರ್ಷ ಗೆಲ್ಲಲಿದ್ದ ಒಕ್ತಾವ್ ಲಾಪೀಜ್ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದು ಪ್ರಸಿದ್ಧ ಸಂಗತಿ. ಹಿಂಚಕ್ರದ ಎರಡು ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಕೂರಿಸಿ, ಬೆಟ್ಟದ ಬುಡದಲ್ಲಿ ಇಳಿದು ಚಕ್ರ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುವುದೇ ಎಷ್ಟೋ ವರ್ಷ ಪಂದ್ಯದವರಿಗಿದ್ದ ಗತಿ. ಟೂರಿನಲ್ಲಿ ಎಲ್ಲರಿಗೂ ಡಿರೇಲರ್ ಬಳಸುವ ಅನುಮತಿ ಸಿಕ್ಕಿದ್ದು 1937ರಲ್ಲಿ, ದೆಗ್ರಾಂಜ್ ಆಡಳಿತವನ್ನು ಜಾಕ್ ಗೊದೆಗೆ ಬಿಟ್ಟುಕೊಟ್ಟ ಮೇಲೆ. ವೆಲೋಸಿಯೊ ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

ದೆಗ್ರಾಂಜನನ್ನು ಮೊಂಡನೆಂದು ಬದಿಗೆ ಸರಿಸುವುದು ಸುಲಭ, ಆದರೆ ನ್ಯಾಯವಲ್ಲ. ಅವನ ಪಕ್ಷದಲ್ಲಿ ಎರಡು ಗಟ್ಟಿ ಮಾತುಗಳಿವೆ. ಪಂದ್ಯವೆಂದರೆ ಮನುಷ್ಯರ ನಡುವಿನ ಸ್ಪರ್ಧೆ. ಯಂತ್ರಕ್ಕೆ ಯಂತ್ರ ಸೇರುತ್ತ ಹೋದರೆ ಗೆದ್ದದ್ದು ಸವಾರನೋ ಕಾರ್ಖಾನೆಯೋ ತಿಳಿಯದು. ಈ ತರ್ಕವನ್ನು ಅವನು ಕೊನೆಯವರೆಗೂ ಬಿಡಲಿಲ್ಲ, 1930ರಲ್ಲಿ ಕಂಪನಿಗಳ ಹಿಡಿತ ತಪ್ಪಿಸಲು ಎಲ್ಲ ಸವಾರರಿಗೂ ಒಂದೇ ಬಗೆಯ ಸೈಕಲ್ ಕೊಟ್ಟ. ಎರಡನೆಯದಾಗಿ, ಆ ಕಾಲದ ಡಿರೇಲರುಗಳು ನಿಜಕ್ಕೂ ನಾಜೂಕು ವಸ್ತುಗಳು. ಕೆಸರು, ಧೂಳು, ಕಲ್ಲುಹಾಸಿನ ರಸ್ತೆಯಲ್ಲಿ ಸರಪಳಿ ಜಾರುತ್ತಿತ್ತು, ಭಾರ ಹೆಚ್ಚುತ್ತಿತ್ತು, ತುಳಿದ ಶಕ್ತಿಯ ಒಂದು ಪಾಲು ಘರ್ಷಣೆಯಲ್ಲೇ ಸೋರಿಹೋಗುತ್ತಿತ್ತು. ನಿಮಿಷಗಳ ಅಂತರದಲ್ಲಿ ಬದುಕು ನಿರ್ಧಾರವಾಗುವ ಪಂದ್ಯಗಾರ ಅದನ್ನು ನಂಬದಿದ್ದುದು ವಿವೇಕವೇ. ಇದೆಲ್ಲವನ್ನೂ ಒಪ್ಪಿದ ಮೇಲೆ ನನ್ನ ವಾದಕ್ಕೆ ಬಲ ಬರುತ್ತದೆಯೇ ಹೊರತು ಕುಂದು ಬರುವುದಿಲ್ಲ. ಪಂದ್ಯಕ್ಕೆ ಇವತ್ತೇ ಕೆಲಸ ಮಾಡುವ ಸಾಧನ ಬೇಕು. ಮುಂದೆಂದೋ ಚೆನ್ನಾಗಬಹುದಾದ, ಈಗ ಅರೆಬೆಂದಿರುವ ಸಾಧನವನ್ನು ಸಹಿಸುವ ವ್ಯವಧಾನ ಅದಕ್ಕಿಲ್ಲ. ಪ್ರವಾಸಿ ಸವಾರನಿಗೆ ಆ ವ್ಯವಧಾನವಿತ್ತು: ದಾರಿಯಲ್ಲಿ ಸರಪಳಿ ಬಿದ್ದರೆ ಇಳಿದು ಹಾಕಿಕೊಂಡು ಹೊರಡುತ್ತಿದ್ದ, ಕಳೆದುಕೊಳ್ಳುವುದು ಐದು ನಿಮಿಷ ಮಾತ್ರ. ಜೊವಾನಿ ಪಾನೆಲ್‌ನ ಶಮಿನೊ, 1920ರ ದಶಕದಲ್ಲಿ ಆಲ್ಬೇರ್ ರೇಮೊನ ಸಿಕ್ಲೊ ಎಂಬ ಡಿರೇಲರುಗಳು ಸೇಂಟ್ ಎಟಿಯೆನ್ನಿನಲ್ಲಿ ತಯಾರಾಗಿ ಬದುಕಿದ್ದು ಇಂಥ ಗಿರಾಕಿಗಳಿಂದ. ಗೇರಿನ ಪರವಾಗಿಯೂ ಪಂದ್ಯ ನಡೆದದ್ದುಂಟು. ಪ್ಯಾರಿಸಿನ ಬಳಿಯ ಶಾಂತಲೂಪ್ ದಿಬ್ಬದಲ್ಲಿ 1913ರಿಂದ ಪೊಲಿಮ್ಯುಲ್ತಿಪ್ಲಿಯೆ ಎಂಬ ಸ್ಪರ್ಧೆಯೇ ಇತ್ತು. ಆದರೆ ಗೇರಿಗೆಂದೇ ಬೇರೆ ಪಂದ್ಯ ಹೂಡಬೇಕಾಗಿ ಬಂದದ್ದು ದೊಡ್ಡ ಪಂದ್ಯದಲ್ಲಿ ಅದಕ್ಕೆ ಎಡೆಯಿರಲಿಲ್ಲ ಎಂಬುದಕ್ಕೆ ಇನ್ನೊಂದು ಪುರಾವೆ.

1937ರ ನಂತರದ ಕತೆಯನ್ನು ಮುಂದಿಟ್ಟು ಇನ್ನೊಂದು ಆಕ್ಷೇಪ ಎತ್ತಬಹುದು. ಪಂದ್ಯ ಒಮ್ಮೆ ಡಿರೇಲರನ್ನು ಒಪ್ಪಿಕೊಂಡ ಮೇಲೆ ಅದನ್ನು ಗಟ್ಟಿಯಾಗಿ, ಹಗುರಾಗಿ, ನಂಬುವಂತೆ ಮಾಡಿದ್ದು ಪಂದ್ಯದ ಒತ್ತಡವೇ ಅಲ್ಲವೇ? ಇಟಲಿಯ ಕಂಪಾನ್ಯೋಲೊ ಎರಡನೆಯ ಮಹಾಯುದ್ಧದ ನಂತರ ಹೊರತಂದ ಗ್ರಾನ್ ಸ್ಪೋರ್ಟ್ ಡಿರೇಲರಿನ ಹಿಂದೆ ಇದ್ದದ್ದು ಪಂದ್ಯಗಾರರ ಬೇಡಿಕೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಂದ್ಯ ತನಗೆ ಬೇಕಾದದ್ದನ್ನು ಮಾತ್ರ ತೆಗೆದುಕೊಂಡಿತು ಎಂಬುದನ್ನೂ ಗಮನಿಸಬೇಕು. ದಶಕಗಳ ಕಾಲ ಪಂದ್ಯದ ಸೈಕಲ್ಲುಗಳಲ್ಲಿ ಗೇರುಗಳ ಸಂಖ್ಯೆ ಹೆಚ್ಚಿತೇ ಹೊರತು ಅತಿ ಸಣ್ಣ ಗೇರು ಸಣ್ಣದಾಗಲಿಲ್ಲ. ಬಲಿಷ್ಠ ಕಾಲಿನವನಿಗೆ ಅದು ಬೇಕಿರಲಿಲ್ಲ, ಬೇಕೆಂದು ಕೇಳುವುದು ನಾಚಿಕೆಯ ಸಂಗತಿಯೂ ಆಗಿತ್ತು. ಅಂಗಡಿಗಳು ಅದೇ ಸೈಕಲ್ಲನ್ನು ಸಾಮಾನ್ಯರಿಗೂ ಮಾರಿದ್ದರಿಂದ, ವಾರಕ್ಕೊಮ್ಮೆ ಹೊರಡುವ ಗುಮಾಸ್ತನೂ ಚಾಂಪಿಯನ್ನನ ಗೇರಿನಲ್ಲಿ ಏರು ಹತ್ತಿ ಮಂಡಿ ಕೆಡಿಸಿಕೊಂಡ. ಮುಂದೆ ಎರಡು ಮೂರು ಹಲ್ಲುಚಕ್ರ, ಹಿಂದೆ ಅಗಲವಾಗಿ ಹರಡಿದ ಗೇರುಗಳು ಎಂಬ ಏರ್ಪಾಡನ್ನು ಆ ವರ್ಷಗಳಲ್ಲಿ ಕಾಪಾಡಿಕೊಂಡು ಬಂದವರು ಪ್ರವಾಸಿ ಸೈಕಲ್ಲುಗಳನ್ನು ಕೈಯಿಂದ ಕಟ್ಟುತ್ತಿದ್ದ ಕುಶಲಕರ್ಮಿಗಳು. 34 ಹಲ್ಲಿನ ಸಣ್ಣ ಮುಂಚಕ್ರ ಸಾಮಾನ್ಯ ರಸ್ತೆ ಸೈಕಲ್ಲುಗಳಿಗೆ ಹರಡಿದ್ದು ಈ ಶತಮಾನದಲ್ಲಿ. ಈಗ ವೃತ್ತಿಪರರೂ ಕಡಿದಾದ ಏರುಗಳಲ್ಲಿ ಸಣ್ಣ ಗೇರು ಹಾಕಿ ಬೇಗ ಬೇಗ ತುಳಿಯುತ್ತಾರೆ. ನಲವತ್ತೈದು ದಾಟಿದವರಿಗೆ ಎಂದು ಬಿಟ್ಟುಕೊಟ್ಟಿದ್ದ ದಾರಿಗೇ ಕೊನೆಗೆ ಇಪ್ಪತ್ತೈದರವರೂ ಬಂದರು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಕಾಡುದಾರಿಯ ಸವಾರಿ ಉಳ್ಳವರ ವಿಲಾಸವಾಗಿತ್ತಲ್ಲವೇ? ರೇಷ್ಮೆ ವ್ಯಾಪಾರಿಗೆ ಬಿಡುವೂ ಇತ್ತು, ಹಣವೂ ಇತ್ತು. ಮೊದಲ ದಶಕಗಳಲ್ಲಿ ಸೈಕಲ್ ಕೂಲಿಕಾರನ ಹಲವು ತಿಂಗಳ ದುಡಿಮೆಯನ್ನು ನುಂಗುವ ವಸ್ತು, ಸಾಲದ್ದಕ್ಕೆ ಫ್ರೆಂಚ್ ಸರ್ಕಾರ 1893ರಲ್ಲಿ ಅದರ ಮೇಲೆ ತೆರಿಗೆ ಹಾಕಿತು. ಪಂದ್ಯವಾದರೋ ಗಣಿ ಮತ್ತು ಗಿರಣಿಯವರ ಮಕ್ಕಳಿಗೆ ಮೇಲೇರುವ ಏಣಿಯಾಗಿತ್ತು, ರಸ್ತೆ ಬದಿಯಲ್ಲಿ ಬಿಟ್ಟಿಯಾಗಿ ಸಿಗುವ ಜಾತ್ರೆಯೂ ಆಗಿತ್ತು. ಈ ಮಾತಿನಲ್ಲಿ ಸತ್ಯವಿದೆ. ಸಂತೋಷಕ್ಕಾಗಿ ದೂರ ಹೋಗಲು ಹಣಕ್ಕಿಂತಲೂ ಬಿಡುವು ಬೇಕು, ಅದು ದುಡಿಯುವವರಿಗೆ ಸಿಕ್ಕಿದ್ದು ತೀರ ತಡವಾಗಿ. ಆದರೆ ಜಾತ್ರೆಯಲ್ಲಿ ಜನರಿಗೆ ಸಿಕ್ಕ ಪಾತ್ರ ಯಾವುದು? ಅವರು ನೋಡುವವರು. 1904ರ ಟೂರಿನಲ್ಲಿ ಇದೇ ಘಾಟಿಯ ಕತ್ತಲಿನಲ್ಲಿ ಸೇಂಟ್ ಎಟಿಯೆನ್ನಿನ ಅಭಿಮಾನಿಗಳು ತಮ್ಮೂರ ಸವಾರ ಫೋರ್‌ನನ್ನು ಮುಂದೆ ಬಿಟ್ಟು ಉಳಿದವರಿಗೆ ಅಡ್ಡಗಟ್ಟಿ ಹೊಡೆದರು, ಹಿಂದಿನ ವರ್ಷದ ವಿಜೇತ ಮೊರಿಸ್ ಗಾರ್ಯಾನಿಗೂ ಪೆಟ್ಟು ಬಿತ್ತು. ನೋಡುವವನ ಅಭಿಮಾನಕ್ಕೆ ಸವಾರಿಯ ಅನುಭವ ಬೇಕಿಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆಯ ಕಾನೂನು ಬಂದಾಗ ಅವರಲ್ಲಿ ಅನೇಕರು ಸೈಕಲ್ ಮತ್ತು ಜೋಡಿ ಸೈಕಲ್ ಏರಿ ಸಮುದ್ರದ ಕಡೆಗೂ ಬೆಟ್ಟಗಳ ಕಡೆಗೂ ಹೊರಟರು. ಆಗ ಅವರಿಗೆ ಒದಗಿದ ಗೇರು, ಅಗಲ ಟೈರು, ಸಾಮಾನು ಚೀಲ, ದಾರಿಯ ತಿಳಿವಳಿಕೆ ಇವೆಲ್ಲ ಪ್ರವಾಸಿ ಸವಾರರ ಪರಂಪರೆ ಕೂಡಿಟ್ಟದ್ದು. ಉಳ್ಳವರು ಶುರುಮಾಡಿದ್ದು ಉಳ್ಳವರಲ್ಲೇ ಉಳಿಯಲಿಲ್ಲ.

ಸಾಧನದ ಜೊತೆಗೆ ಈ ಪರಂಪರೆ ಒಂದು ನಡವಳಿಕೆಯನ್ನೂ ಬೆಳೆಸಿತು. ವೆಲೋಸಿಯೊ ಸವಾರರಿಗೆ ಏಳು ನಿಯಮಗಳನ್ನು ಹೇಳಿದ್ದ. ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ ಎಂಬಂಥ ದೇಹದ ಪಾಠಗಳು ಅದರಲ್ಲಿದ್ದವು. ಕೊನೆಯದು ಮಾತ್ರ ಮನಸ್ಸಿನ ಪಾಠ: ಒಣ ಪ್ರತಿಷ್ಠೆಗಾಗಿ ತುಳಿಯಬೇಡ. 1922ರಲ್ಲಿ ಅವನ ಗೌರವಕ್ಕೆ ಆರಂಭವಾದ ಗ್ರಾಂ ಬ್ವಾ ಏರುವ ದಿನಾಚರಣೆಗೆ ಮುದುಕರೂ ಹೆಂಗಸರೂ ಮಕ್ಕಳೂ ಬಂದರು. ಇದೇ ಹೊತ್ತಿಗೆ ಪ್ಯಾರಿಸಿನ ಒದಾಕ್ಸ್ ಕ್ಲಬ್ಬಿನವರು ಬ್ರೆವೆ ಎಂಬ ದೂರದ ಸವಾರಿಯ ಪದ್ಧತಿಯನ್ನು ಮುಕ್ತಗೊಳಿಸಿದರು. ವಿಚಿತ್ರವೆಂದರೆ, ಒದಾಕ್ಸ್ ಸವಾರಿಯನ್ನು ಇಟಲಿಯಿಂದ ಫ್ರಾನ್ಸಿಗೆ 1904ರಲ್ಲಿ ತಂದವನು ಅದೇ ದೆಗ್ರಾಂಜ್. ಅವನ ಮಾದರಿಯಲ್ಲಿ ಎಲ್ಲರೂ ನಾಯಕನ ಹಿಂದೆ ಒಂದೇ ವೇಗದಲ್ಲಿ ಸಾಗಬೇಕಿತ್ತು. ಕ್ಲಬ್ಬು 1921ರಿಂದ ಆ ಕಟ್ಟು ಬಿಡಿಸಿ, ನಿಗದಿತ ಸಮಯದೊಳಗೆ ಅವರವರ ವೇಗದಲ್ಲಿ ಮುಗಿಸಿದರೆ ಸಾಕೆಂದಿತು. ಬೆಂಗಳೂರಿನಿಂದ ಹೊರಟು ರಾತ್ರಿ ಹಗಲೆನ್ನದೆ ತುಳಿಯುವ ಇಂದಿನ ಕನ್ನಡ ಸವಾರರು ಆಡುವುದು ಇದೇ ನಿಯಮದಲ್ಲಿ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 600ಕ್ಕೆ 40. ಮೊದಲು ಬಂದವನಿಗೂ ಕೊನೆಯ ನಿಮಿಷದಲ್ಲಿ ಬಂದವನಿಗೂ ಒಂದೇ ಮನ್ನಣೆ, ದಾಖಲಿಸುವುದು ಅದೇ ಪ್ಯಾರಿಸ್ ಕ್ಲಬ್ಬು. ನಮ್ಮ ಮಲೆನಾಡಿನಲ್ಲಿ ಸೈಕಲ್ ಬಹಳ ಕಾಲ ಬಯಲಿನ ವಾಹನವಾಗಿಯೇ ಉಳಿದಿತ್ತು. ಒಂದೇ ಗೇರಿನ ಭಾರದ ಗಾಡಿಯನ್ನು ಏರು ಬಂದಲ್ಲಿ ಇಳಿದು ತಳ್ಳುವುದೇ ವಾಡಿಕೆ. ಘಾಟಿಗಳು ಸವಾರಿಯ ದಾರಿಗಳಾದದ್ದು ಸಣ್ಣ ಗೇರಿನ ಸೈಕಲ್ಲುಗಳು ಕೈಗೆಟುಕಿದ ಮೇಲೆ.

ಹೀಗಿರುವಾಗ ಪಂದ್ಯದ ಪಟ್ಟಿಯನ್ನೇ ಚರಿತ್ರೆ ಎಂದುಕೊಂಡರೆ ತಪ್ಪುವುದು ಬರೀ ಒಬ್ಬ ರೇಷ್ಮೆ ವ್ಯಾಪಾರಿಯ ಹೆಸರಲ್ಲ, ಕಾರಣಗಳ ಸರಣಿಯೇ ತಪ್ಪುತ್ತದೆ. ಗೆದ್ದವರ ದಾಖಲೆ ಇರುವುದು ಪಂದ್ಯ ನಡೆಸಿದವರೇ ಪತ್ರಿಕೆಗಳ ಒಡೆಯರೂ ಆಗಿದ್ದರಿಂದ. ಟೂರ್ ಹುಟ್ಟಿದ್ದೇ ಒಂದು ಪತ್ರಿಕೆಯ ಮಾರಾಟ ಹೆಚ್ಚಿಸಲು. ಸುಮ್ಮನೆ ಹೋಗಿ ಬಂದವರ ದಾಖಲೆ ಚದುರಿದೆ, ಚಿಕ್ಕ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ, ಗೇರಿನ ಅಳತೆಗಳಲ್ಲಿ, ಸಣ್ಣ ಕಾರ್ಖಾನೆಗಳ ಬೆಲೆಪಟ್ಟಿಗಳಲ್ಲಿ ಅದನ್ನು ಹುಡುಕಬೇಕು. ಹುಡುಕಿದಾಗ ಕಾಣುವ ಪಾಠ ಸೈಕಲ್ಲಿಗಷ್ಟೇ ಸೀಮಿತವೂ ಅಲ್ಲ. ಸ್ಪರ್ಧೆ ಇರುವ ಸಾಧನವನ್ನು ಹರಿತಗೊಳಿಸಬಲ್ಲದು. ಆದರೆ ಸಾಮಾನ್ಯ ದೇಹಕ್ಕೆ ಏನು ಬೇಕು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ, ಏಕೆಂದರೆ ಅಸಾಮಾನ್ಯ ದೇಹಗಳನ್ನು ಆರಿಸುವುದೇ ಅದರ ಕೆಲಸ. ಆ ಪ್ರಶ್ನೆಯನ್ನು ಕೇಳಿದವರು ಗ್ರಾಂ ಬ್ವಾ ಏರನ್ನು ಇನ್ನೊಬ್ಬರಿಗಿಂತ ಬೇಗ ಹತ್ತುವ ಚಿಂತೆಯಿಲ್ಲದವರು. ಅವರಿಗೆ ಬೇಕಿದ್ದದ್ದು ನೆತ್ತಿ ಮುಟ್ಟಿದ ಮೇಲೂ ಮುಂದಿನ ನೂರು ಕಿಲೋಮೀಟರಿಗೆ ಕಾಲಿನಲ್ಲಿ ಕಸುವು ಉಳಿದಿರುವುದು. ಬೆಟ್ಟದ ಸೈಕಲ್ಲು ಇವತ್ತಿಗೂ ಕಟ್ಟಲ್ಪಡುತ್ತಿರುವುದು ಅವರ ಆ ಬೇಡಿಕೆಯ ಮೇಲೆಯೇ.